ನವೆಂಬರಿನ ಬಿಸಿಲು: ಪದವಿ ತರಗತಿಗೆ ಖಗೋಳ, ಕಲೆ, ಪುರಾತತ್ತ್ವ



ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಹಿರಿಯರು ಎರಡು ಷರತ್ತು ಹಾಕಿದ್ದಾರೆಂದು ಆಹ್ವಾನ ಪತ್ರದಲ್ಲಿ ಓದಿದೆ. ಉಪನ್ಯಾಸ ಬಿ.ಎ., ಬಿ.ಎಸ್‌ಸಿ. ಓದುವವರಿಗೆ ತಿಳಿಯುವಂತಿರಬೇಕು, ಊಟದ ಹೊತ್ತಿಗೆ ಮುಗಿಯಬೇಕು. ಎರಡನೆಯದನ್ನಂತೂ ಪಾಲಿಸುತ್ತೇನೆ.

ನಾನು ಆರಿಸಿಕೊಂಡಿರುವ ವಿಷಯ ನಮ್ಮ ಪದವಿ ಕಾಲೇಜುಗಳಲ್ಲಿ ಮೂರು ಚೂರಾಗಿ ಬಿದ್ದಿದೆ. ಖಗೋಳ ವಿಜ್ಞಾನ ಪಿಸಿಎಂ ಓದುವವರ ಭೌತಶಾಸ್ತ್ರದಲ್ಲಿ ಒಂದು ಘಟಕ. ಪುರಾತತ್ತ್ವ ಎಚ್‌ಇಪಿ ಓದುವವರ ಇತಿಹಾಸ ಪಠ್ಯದ ಮೊದಲ ಅಧ್ಯಾಯ. 'ಆಧಾರಗಳು' ಎಂಬ ತಲೆಬರಹದಡಿ ಶಾಸನ, ನಾಣ್ಯ, ಸ್ಮಾರಕ ಎಂದು ಮೂರು ಸಾಲು ಬರೆಸಿ ಮುಂದಕ್ಕೆ ಹೋಗುತ್ತೇವೆ. ಚಿತ್ರಕಲೆ, ಶಿಲ್ಪ ಪದವಿ ಕಾಲೇಜಿನ ಕಾಂಪೌಂಡಿನೊಳಗೆ ಬರುವುದೇ ಇಲ್ಲ. ಅದಕ್ಕೆ ಮೈಸೂರಿನ ಕಾವಾ ಕಲಾ ಕಾಲೇಜು ಇದೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇದೆ, ಅಲ್ಲಿ ಕಲಿಯಲಿ ಎನ್ನುತ್ತೇವೆ. ಈ ಮೂರನ್ನೂ ಒಂದೇ ಪತ್ರಿಕೆಯಾಗಿ, ಬಿ.ಎ.ಯವರೂ ಬಿ.ಎಸ್‌ಸಿ.ಯವರೂ ಒಂದೇ ಕೋಣೆಯಲ್ಲಿ ಕುಳಿತು ಓದುವಂತೆ ಮಾಡಬೇಕೆಂಬುದು ನನ್ನ ವಾದ. ಜ್ಞಾನವೆಲ್ಲ ಒಂದೇ ಎಂಬ ದೊಡ್ಡ ಮಾತಿಗಾಗಿ ಇದನ್ನು ಹೇಳುತ್ತಿಲ್ಲ. ಈ ಮೂರು ವಿದ್ಯೆಗಳಿಗೂ ತಮ್ಮನ್ನು ತಾವೇ ನಂಬಿಸಿಕೊಳ್ಳುವ ಚಾಳಿ ಇದೆ. ಒಂದರ ಚಾಳಿಗೆ ಮದ್ದು ಉಳಿದೆರಡರ ಬಳಿ ಇದೆ. ಬೇರೆ ಬೇರೆಯಾಗಿ ಕಲಿಸಿದರೆ ಆ ಮದ್ದು ಯಾರಿಗೂ ಸಿಗುವುದಿಲ್ಲ.

ಬೆಂಗಳೂರಿನ ಗವಿಪುರದಿಂದ ಶುರುಮಾಡುತ್ತೇನೆ. ಗವಿಗಂಗಾಧರೇಶ್ವರ ದೇವಾಲಯದಲ್ಲಿ ಮಕರ ಸಂಕ್ರಾಂತಿಯ ಸಂಜೆ ಬಿಸಿಲು ಕಿಟಕಿಯಿಂದ ನುಸುಳಿ, ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ಅವತ್ತು ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಟಿವಿಯಲ್ಲಿ ನೇರಪ್ರಸಾರ ಬೇರೆ. ಈಗ ಭೌತಶಾಸ್ತ್ರದ ವಿದ್ಯಾರ್ಥಿಗೆ ಒಂದು ಸಣ್ಣ ಪ್ರಶ್ನೆ. ಸೂರ್ಯ ದಕ್ಷಿಣದ ತುದಿ ಮುಟ್ಟುವುದು ಡಿಸೆಂಬರ್ 21 ಅಥವಾ 22ರಂದು. ಅಲ್ಲಿಂದ ಹಿಂತಿರುಗುತ್ತ ಜನವರಿ 14ರಂದು ಯಾವ ಜಾಗದಲ್ಲಿ ಮುಳುಗುತ್ತಾನೋ, ಹೋಗುವಾಗಲೂ ಅದೇ ಜಾಗವನ್ನು ದಾಟಿಯೇ ಹೋಗಿರಬೇಕಲ್ಲ? ಡಿಸೆಂಬರ್ 21ರಿಂದ ಮುಂದಕ್ಕೆ 24 ದಿನ ಎಣಿಸಿದರೆ ಸಂಕ್ರಾಂತಿ. ಹಿಂದಕ್ಕೆ ಅಷ್ಟೇ ಎಣಿಸಿದರೆ ನವೆಂಬರ್ ಕೊನೆಯ ವಾರ. ಹಾಗಾದರೆ ಆಗಲೂ ಬಿಸಿಲು ಲಿಂಗವನ್ನು ಮುಟ್ಟಬೇಕು. ಮುಟ್ಟುತ್ತದೆ ಕೂಡ. ಆಗ ಕ್ಯಾಮೆರಾ ಇರುವುದಿಲ್ಲ, ನೂಕುನುಗ್ಗಲೂ ಇರುವುದಿಲ್ಲ.

ಇದನ್ನು ಅಳೆದು ನೋಡಿದವರು ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಬಿ.ಎಸ್. ಶೈಲಜಾ, ಜಯಂತ್ ವ್ಯಾಸನಕೆರೆ ಮತ್ತು ಅವರ ಜೊತೆಯವರು. ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಈಗಿನ ಗುಡಿ ಮೊದಲಿನಿಂದಲೂ ಹೀಗೇ ಇತ್ತೇ ಎಂದು ಕೇಳಿದರು. ಈ ಪ್ರಶ್ನೆಗೆ ದೂರದರ್ಶಕ ಉತ್ತರ ಕೊಡಲಾರದು. ಉತ್ತರ ಸಿಕ್ಕಿದ್ದು ಇಬ್ಬರು ಚಿತ್ರಕಾರರ ಬಳಿ. ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ಡೇನಿಯಲ್ 1792ರಲ್ಲಿ ಈ ಸೀಮೆಗೆ ಬಂದಿದ್ದರು. ಟಿಪ್ಪುವಿನ ಮೇಲಿನ ಮೂರನೆಯ ಮೈಸೂರು ಯುದ್ಧ ಆಗಷ್ಟೇ ಮುಗಿದಿತ್ತು. ಅವರು ಈ ದೇವಾಲಯವನ್ನೂ ಬರೆದಿದ್ದಾರೆ. ಆ ಚಿತ್ರಗಳಲ್ಲಿ ಈಗ ಅಲ್ಲಿರುವ ಕೆಲವು ಕಟ್ಟಡಗಳಿಲ್ಲ. ಅಂದರೆ ಬಿಸಿಲಿಗೆ ಅಡ್ಡ ನಿಂತಿರುವ ಗೋಡೆಗಳಲ್ಲಿ ಕೆಲವು ಆಮೇಲೆ ಎದ್ದವು. ಅವುಗಳನ್ನು ಲೆಕ್ಕದಿಂದ ತೆಗೆದರೆ ಬಿಸಿಲು ಒಳಗೆ ಬೀಳುವ ದಿನಗಳೇ ಬದಲಾಗುತ್ತವೆ. ಹಿಂದೆ ಬಿಸಿಲು ಗರ್ಭಗುಡಿಯನ್ನು ತಲುಪುತ್ತಿದ್ದದ್ದು ಅಯನ ಬದಲಾಗುವ ದಿನಗಳಲ್ಲಿ ಎಂಬ ತೀರ್ಮಾನಕ್ಕೆ ಅವರು ಬಂದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಚಿತ್ರಕಾರನ ಸಾಕ್ಷ್ಯವನ್ನು ಎಷ್ಟು ನಂಬಬಹುದು? ಇಂಗ್ಲೆಂಡಿನ ಗಿರಾಕಿಗಳಿಗಾಗಿ ಬರೆಯುತ್ತಿದ್ದವರು ಬೇಕಾದಲ್ಲಿ ಒಂದು ಮರ ನೆಡುತ್ತಾರೆ, ಬೇಡವಾದ ಗುಡಿಸಲನ್ನು ಅಳಿಸುತ್ತಾರೆ, ಮುರಿದ ಗೋಡೆಯನ್ನು ಇನ್ನಷ್ಟು ಮುರಿಯುತ್ತಾರೆ. ಆ ಕಾಲದ ಅಭಿರುಚಿಯೇ ಹಾಗಿತ್ತು. ಆದರೆ ಡೇನಿಯಲ್‌ಗಳು ಭಾರತದಲ್ಲಿ ಕ್ಯಾಮೆರಾ ಅಬ್‌ಸ್ಕ್ಯೂರಾ ಬಳಸುತ್ತಿದ್ದರು. ಕತ್ತಲೆ ಪೆಟ್ಟಿಗೆಯೊಳಗೆ ಬೀಳುವ ಬಿಂಬದ ಮೇಲೆ ಪೆನ್ಸಿಲ್ ಓಡಿಸುವ ವಿಧಾನ ಅದು. ಹಾಗಾಗಿ ಕಟ್ಟಡದ ಅಳತೆ, ಅಂತರ ಸಾಮಾನ್ಯವಾಗಿ ಸರಿಯಿರುತ್ತದೆ. ಆಕಾಶ, ಗಿಡ, ಮನುಷ್ಯರು ಕಲ್ಪನೆಯಿಂದ ಬಂದಿರಬಹುದು. ಒಂದೇ ಹಾಳೆಯಲ್ಲಿ ಯಾವ ಗೆರೆ ಸಾಕ್ಷಿ, ಯಾವುದು ಅಲಂಕಾರ ಎಂದು ಬೇರ್ಪಡಿಸಬೇಕಾದರೆ ಚಿತ್ರ ನೋಡಿ ಪಳಗಿದ ಕಣ್ಣು ಬೇಕು. ಬರೆದು ಪಳಗಿದ ಕೈಯಿದ್ದರೆ ಇನ್ನೂ ಒಳ್ಳೆಯದು.

ಇನ್ನೊಂದು ತೊಡಕೂ ಇದೆ. ಸಂಕ್ರಾಂತಿ ಹಬ್ಬ ನಕ್ಷತ್ರಗಳ ಲೆಕ್ಕದ್ದು. ಬಿಸಿಲು ಬೀಳುವ ಕೋನ ಋತುವಿನ ಲೆಕ್ಕದ್ದು. ಎರಡೂ ವರ್ಷಗಳು ಒಂದೇ ಉದ್ದವಲ್ಲ. ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಸಂಕ್ರಾಂತಿ ಮುಂದಕ್ಕೆ ಜಾರುತ್ತಿದೆ. ಈ ಗುಡಿಯ ಹೆಸರಿನ ಜೊತೆ ಕೆಂಪೇಗೌಡರ ಹೆಸರನ್ನು ಸೇರಿಸುವುದುಂಟು. ಅವರ ಕಾಲದಲ್ಲಿ, ಅಂದರೆ 16ನೇ ಶತಮಾನದ ನಡುವಿನಲ್ಲಿ, ಈಗಿನ ಕ್ಯಾಲೆಂಡರಿನ ಪ್ರಕಾರ ಸಂಕ್ರಾಂತಿ ಜನವರಿ 8ರ ಆಸುಪಾಸಿಗೆ ಬರುತ್ತಿತ್ತು. ಜನವರಿ 8ಕ್ಕೂ 14ಕ್ಕೂ ಸೂರ್ಯನ ಉತ್ತರ-ದಕ್ಷಿಣ ಸ್ಥಾನದಲ್ಲಿ ಸುಮಾರು 0.9 ಡಿಗ್ರಿ ವ್ಯತ್ಯಾಸವಿದೆ. ಸೂರ್ಯಬಿಂಬದ ಅಗಲವೇ ಅರ್ಧ ಡಿಗ್ರಿ. ನಂದಿಯ ಕೊಂಬಿನ ಸಂದಿಯಲ್ಲಿ ಹಾದುಹೋಗುವ ಕಿರಣಕ್ಕೆ ಎರಡು ಬಿಂಬದಷ್ಟು ಅಂತರ ಸಣ್ಣದಲ್ಲ. ಆದ್ದರಿಂದ 'ಸಂಕ್ರಾಂತಿಗೆಂದೇ ಕಟ್ಟಿದ್ದು' ಎನ್ನುವವರು ಯಾವ ಶತಮಾನದ ಸಂಕ್ರಾಂತಿ ಎಂದೂ ಹೇಳಬೇಕಾಗುತ್ತದೆ. ಒಂದು ಗುಡಿ, ಒಂದು ಕಿಟಕಿ, ಒಂದು ಸಂಜೆ. ಅದನ್ನು ಬಿಡಿಸಲು ಖಗೋಳ ಬೇಕಾಯಿತು, ಚಿತ್ರಕಲೆ ಬೇಕಾಯಿತು, ಕಟ್ಟಡದ ಯಾವ ಭಾಗ ಮೊದಲು ಯಾವುದು ಆಮೇಲೆ ಎಂದು ನೋಡುವ ಪುರಾತತ್ತ್ವವೂ ಬೇಕಾಯಿತು. ಭಕ್ತರಿಗೆ ಇದರಿಂದ ಏನೂ ನಷ್ಟವಿಲ್ಲ. ಬೇಕಿದ್ದರೆ ನವೆಂಬರಿನಲ್ಲೂ ಹೋಗಬಹುದು.

ಕತ್ತಲೆ ಪೆಟ್ಟಿಗೆಯ ಮಾತು ಬಂದಾಗ ಹಂಪಿ ನೆನಪಾಗಲೇಬೇಕು. ವಿರೂಪಾಕ್ಷ ದೇವಾಲಯದಲ್ಲಿ ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ಗೈಡುಗಳು ತಪ್ಪದೆ ತೋರಿಸುತ್ತಾರೆ. ಅದು ನೆರಳಲ್ಲ, ಬಿಂಬ. ಡೇನಿಯಲ್‌ಗಳ ಪೆಟ್ಟಿಗೆಯಲ್ಲಿ ಬೀಳುತ್ತಿದ್ದಂಥದ್ದೇ. ಕಿಂಡಿಯಿಂದ ಗೋಡೆಗೆ ಎಷ್ಟು ದೂರ, ಬಿಂಬ ಎಷ್ಟು ಎತ್ತರ ಎಂದು ಟೇಪಿನಲ್ಲಿ ಅಳೆದು, ಕಿಂಡಿಯಿಂದ ಗೋಪುರಕ್ಕಿರುವ ದೂರ ಗೊತ್ತಿದ್ದರೆ, ಸುಮಾರು 50 ಮೀಟರಿನ ಗೋಪುರದ ಎತ್ತರವನ್ನು ಹತ್ತನೇ ತರಗತಿಯ ಸಮರೂಪ ತ್ರಿಭುಜದಿಂದ ಕಂಡುಹಿಡಿಯಬಹುದು. ಆ ಕಿಂಡಿಯನ್ನು ಬೇಕೆಂದೇ ಬಿಟ್ಟರೋ ಗಾಳಿಗೆಂದು ಬಿಟ್ಟದ್ದು ಹೀಗಾಯಿತೋ ಎಂಬುದು ಬೇರೆಯೇ ಪ್ರಶ್ನೆ. 'ನಮ್ಮವರಿಗೆ ಎಲ್ಲ ಗೊತ್ತಿತ್ತು' ಎಂಬ ವಾಟ್ಸಾಪ್ ಸಂದೇಶಕ್ಕೂ 'ಅದೆಲ್ಲ ಕಾಕತಾಳೀಯ' ಎಂಬ ಉಡಾಫೆಗೂ ಟೇಪು ಹಿಡಿದ ವಿದ್ಯಾರ್ಥಿಯ ಬಳಿ ಒಂದೇ ಉತ್ತರವಿರುತ್ತದೆ: ಮೊದಲು ಅಳೆಯೋಣ.

ಒಂದೇ ವಿದ್ಯೆಯನ್ನು ನಂಬಿ ನಡೆದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡವರ ಉದಾಹರಣೆಯನ್ನೇ ಕೊಡುತ್ತೇನೆ. ನಾರ್ಮನ್ ಲಾಕಿಯರ್ ಸಾಮಾನ್ಯನಲ್ಲ. ಸೂರ್ಯನಲ್ಲಿ ಹೀಲಿಯಂ ಇದೆಯೆಂದು ಗುರುತಿಸಿದವರಲ್ಲೊಬ್ಬ, 'ನೇಚರ್' ಪತ್ರಿಕೆಯ ಸ್ಥಾಪಕ. ನಮ್ಮ ಕಡೆಗೂ ಬಂದಿದ್ದ. 1871ರ ಡಿಸೆಂಬರ್ 12ರ ಸಂಪೂರ್ಣ ಸೂರ್ಯಗ್ರಹಣವನ್ನು ಆತ ನೋಡಿದ್ದು ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಬೇಕಲ ಕೋಟೆಯಲ್ಲಿ. ಈ ಲಾಕಿಯರ್ 1901ರಲ್ಲಿ ಇಂಗ್ಲೆಂಡಿನ ಸ್ಟೋನ್‌ಹೆಂಜಿನ ಕಾಲವನ್ನು ಬರಿಯ ಖಗೋಳದಿಂದ ನಿರ್ಧರಿಸಲು ಹೊರಟ. ಬೇಸಿಗೆಯ ಅಯನ ದಿನದಂದು ಸೂರ್ಯ ಹುಟ್ಟುವ ದಿಕ್ಕು ಶತಮಾನಗಳಲ್ಲಿ ನಿಧಾನವಾಗಿ ಸರಿಯುತ್ತದೆ. ಕಲ್ಲುಗಳ ಮುಂದಿನ ಹಾದಿಯ ದಿಕ್ಕನ್ನು ಅಳೆದರೆ ಸೂರ್ಯ ಅಲ್ಲಿ ಹುಟ್ಟುತ್ತಿದ್ದ ಕಾಲ ಸಿಗುತ್ತದೆ ಎಂಬುದು ಅವನ ತರ್ಕ. ತರ್ಕದಲ್ಲಿ ಕುಂದಿಲ್ಲ. ಆದರೆ ಭೂಮಿಯ ವಾಲಿಕೆ ನೂರು ವರ್ಷಕ್ಕೆ ಬದಲಾಗುವುದು ಸುಮಾರು 47 ಸೆಕೆಂಡು ಕೋನದಷ್ಟು. ಮೂರು ಸಾವಿರ ವರ್ಷಕ್ಕೆ 0.4 ಡಿಗ್ರಿ, ಸೂರ್ಯಬಿಂಬಕ್ಕಿಂತಲೂ ಕಡಿಮೆ. ಸವೆದುಹೋದ ಮಣ್ಣಿನ ಹಾದಿಯ ದಿಕ್ಕನ್ನು ಅಷ್ಟು ನಿಖರವಾಗಿ ಅಳೆಯುವುದು ಸಾಧ್ಯವಿರಲಿಲ್ಲ. ಲಾಕಿಯರ್ ತನ್ನ ಅಳತೆಗೆ ಹತ್ತಿರವಿದ್ದ ದೂರದ ಗುಡ್ಡವೊಂದನ್ನು ಗುರಿಯಾಗಿ ಹಿಡಿದು ಕ್ರಿ.ಪೂ. 1680 ಎಂದ. ಆಮೇಲೆ ಬಂದ ರೇಡಿಯೋ ಕಾರ್ಬನ್ ಆ ದೊಡ್ಡ ಕಲ್ಲುಗಳನ್ನು ಕ್ರಿ.ಪೂ. 2500ರ ಸುಮಾರಿಗೆ ಒಯ್ದಿತು. ಎಂಟುನೂರು ವರ್ಷಗಳ ವ್ಯತ್ಯಾಸ! ಆ ಗುಡ್ಡವನ್ನು ಕಲ್ಲು ನಿಲ್ಲಿಸಿದವರೇ ಗುರಿ ಮಾಡಿಕೊಂಡಿದ್ದರು ಎನ್ನಲು ಏನು ಆಧಾರ ಎಂದು ಪಕ್ಕದಲ್ಲಿ ಕುಳಿತ ಪುರಾತತ್ತ್ವಜ್ಞನೊಬ್ಬ ಕೇಳಬೇಕಿತ್ತು.

ಕಲೆಯ ಕಣ್ಣು ಒಂದನ್ನೇ ನಂಬಿದರೂ ಇದೇ ಗತಿ. ಐಹೊಳೆಯ ಲಾಡ್‌ಖಾನ್ ಗುಡಿ ನೋಡಲು ತಗ್ಗು, ದಪ್ಪ, ಚಪ್ಪಡಿಯ ಮಾಡು. ಸರಳವಾಗಿದೆ, ಆದ್ದರಿಂದ ಹಳೆಯದು ಎಂದು ಪುರಾತತ್ತ್ವಜ್ಞ ಹೆನ್ರಿ ಕಸಿನ್ಸ್ ಅದನ್ನು ಕ್ರಿ.ಶ. 450ರ ಸುಮಾರಿಗೆ ಒಯ್ದ. ಮುಂದಿನ ವಿದ್ವಾಂಸರು ಅದನ್ನು ಏಳು-ಎಂಟನೇ ಶತಮಾನಕ್ಕೆ ತಂದರು. ಸರಳವಾದದ್ದೆಲ್ಲ ಹಳೆಯದು ಎಂಬ ನಂಬಿಕೆ ಈಗಲೂ ನಮ್ಮ ಗೈಡ್ ಪುಸ್ತಕಗಳಲ್ಲಿ ಹಾಯಾಗಿ ಬದುಕಿದೆ.

ಹಾಗಾದರೆ ಬಾದಾಮಿಗೆ ಹೋಗೋಣ. ಮೂರೂ ವಿದ್ಯೆಗಳು ಒಂದೇ ಜಾಗದಲ್ಲಿ ಕೈಹಿಡಿಯುವುದನ್ನು ತೋರಿಸಲು ನನಗೆ ಮೂರನೆಯ ಗುಹೆಗಿಂತ ಒಳ್ಳೆಯ ತರಗತಿ ಕೋಣೆ ಗೊತ್ತಿಲ್ಲ. ಮೊಗಸಾಲೆಯಲ್ಲಿ ಹೆಡೆಯೆತ್ತಿದ ಶೇಷನ ಸುರುಳಿಯ ಮೇಲೆ ಕುಳಿತ ವಿಷ್ಣು, ತ್ರಿವಿಕ್ರಮ, ವರಾಹ, ನರಸಿಂಹ, ಹರಿಹರ. ಮಾಡಿನ ಅಂಚಿನಲ್ಲಿ ಮಾಸುತ್ತಿರುವ ವರ್ಣಚಿತ್ರದ ತುಣುಕುಗಳು. ಅದೇ ಮೊಗಸಾಲೆಯ ಗೋಡೆಗಂಬದಲ್ಲಿ ಮಂಗಲೇಶನ ಶಾಸನ. ಅಣ್ಣ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೇ ವರ್ಷದಲ್ಲಿ, ಶಕವರ್ಷ 500 ಕಳೆದ ಮೇಲೆ, ಕಾರ್ತಿಕ ಹುಣ್ಣಿಮೆಯ ದಿನ ಎಂದು ಅದು ಹೇಳುತ್ತದೆ. 500ಕ್ಕೆ 78 ಸೇರಿಸಿದರೆ ಕ್ರಿ.ಶ. 578. ಇಷ್ಟು ಬಿ.ಎ. ವಿದ್ಯಾರ್ಥಿಗೆ ಗೊತ್ತು. ಆದರೆ ಕಾರ್ತಿಕ ಹುಣ್ಣಿಮೆ ಎಂದರೆ ಯಾವ ದಿನ?

ಇಲ್ಲಿ ಬಿ.ಎಸ್‌ಸಿ.ಯವರು ಲ್ಯಾಪ್‌ಟಾಪ್ ತೆರೆಯಲಿ. ಸ್ಟೆಲೇರಿಯಂ ಎಂಬ ತಂತ್ರಾಂಶಕ್ಕೆ ಕಾಸು ಕೊಡಬೇಕಿಲ್ಲ. ಊರು ಬಾದಾಮಿ, ವರ್ಷ 578 ಎಂದು ಕೊಟ್ಟು ಆಕಾಶವನ್ನು ಹಿಂದಕ್ಕೆ ಓಡಿಸಿದರೆ ಅಕ್ಟೋಬರ್ ಕೊನೆಯ ರಾತ್ರಿಯ ಸುಮಾರಿಗೆ ಪೂರ್ವದಲ್ಲಿ ತುಂಬು ಚಂದ್ರ ಏಳುತ್ತಾನೆ, ಕೃತ್ತಿಕೆಯ ಗುಂಪಿನ ನೆರೆಯಲ್ಲೇ. ಕೃತ್ತಿಕೆಯ ಬಳಿ ಹುಣ್ಣಿಮೆಯಾಗುವ ತಿಂಗಳೇ ಕಾರ್ತಿಕ ಎಂಬುದನ್ನು ಪುಸ್ತಕದಲ್ಲಿ ಓದಿದ್ದವರಿಗೆ ಅದು ಪರದೆಯ ಮೇಲೆ ಕಾಣುತ್ತದೆ. ಜೊತೆಗೆ ಇನ್ನೊಂದು ಪಾಠವೂ ಆಗುತ್ತದೆ: 1582ಕ್ಕಿಂತ ಹಿಂದಿನ ತಾರೀಖನ್ನು ಆ ತಂತ್ರಾಂಶ ಜೂಲಿಯನ್ ಕ್ಯಾಲೆಂಡರಿನಲ್ಲಿ ತೋರಿಸುತ್ತದೆ, ಈಗಿನ ಲೆಕ್ಕಕ್ಕೆ ತರಲು ಆರನೇ ಶತಮಾನಕ್ಕಾದರೆ ಎರಡು ದಿನ ಕೂಡಿಸಬೇಕು.

ಈ ತಾರೀಖು ಗಟ್ಟಿಯಾದ ಕೂಡಲೇ ಕಲೆಯ ಇತಿಹಾಸಕ್ಕೆ ಒಂದು ಮೊಳೆ ಸಿಕ್ಕಿದಂತಾಯಿತು. ಉಳಿದ ಗುಡಿಗಳನ್ನು ಅದಕ್ಕೆ ತೂಗುಹಾಕಬಹುದು. 578ರಲ್ಲಿ ಬಾದಾಮಿಯ ಶಿಲ್ಪಿಗಳು ಕಿರೀಟವನ್ನು ಹೇಗೆ ಕಡೆಯುತ್ತಿದ್ದರು, ಸೊಂಟಪಟ್ಟಿಯ ಗಂಟನ್ನು ಎಲ್ಲಿ ಹಾಕುತ್ತಿದ್ದರು, ಕಂಬದ ಬೋದಿಗೆಗೆ ಯಾವ ಆಕಾರ ಕೊಡುತ್ತಿದ್ದರು ಎಂಬುದು ನಮಗೆ ಖಚಿತವಾಗಿ ಗೊತ್ತು. ಐಹೊಳೆ, ಮಹಾಕೂಟ, ಪಟ್ಟದಕಲ್ಲಿನ ತಾರೀಖಿಲ್ಲದ ಗುಡಿಗಳನ್ನು ಇದರ ಪಕ್ಕದಲ್ಲಿಟ್ಟು ಹೋಲಿಸಬಹುದು. ಅದಕ್ಕೆ ವಿದ್ಯಾರ್ಥಿ ಆ ಸೊಂಟಪಟ್ಟಿಯ ಗಂಟನ್ನು ಕೈಯಾರೆ ಬರೆದಿರಬೇಕು. ಮೊಬೈಲಿನಲ್ಲಿ ನೂರು ಫೋಟೊ ತೆಗೆದವನಿಗೆ ಗಂಟು ಎಡಗಡೆ ಇತ್ತೋ ಬಲಗಡೆ ಇತ್ತೋ ಎಂದು ಕೇಳಿ ನೋಡಿ, ಮೊಬೈಲ್ ತೆಗೆಯುತ್ತಾನೆ. ಅರ್ಧ ಗಂಟೆ ಕುಳಿತು ಪೆನ್ಸಿಲಿನಲ್ಲಿ ಬರೆದವಳು ಕಣ್ಣು ಮುಚ್ಚಿ ಹೇಳುತ್ತಾಳೆ.

ತಾರೀಖಿಲ್ಲದ ಶಾಸನದ ಪಾಡು ನೋಡಿ. ಹಲ್ಮಿಡಿ ಶಾಸನದಲ್ಲಿ ಶಕವರ್ಷವಿಲ್ಲ, ಗ್ರಹಣವಿಲ್ಲ. ಅದನ್ನು ಬೆಳಕಿಗೆ ತಂದ ಎಂ.ಎಚ್. ಕೃಷ್ಣ ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದರು, ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರೂ ಆಗಿದ್ದರು. ಪಾಠವನ್ನೂ ಹೇಳಿ ಚಂದ್ರವಳ್ಳಿಯನ್ನೂ ಅಗೆದವರು. ಹಲ್ಮಿಡಿಯ ಕಾಲವನ್ನು ಕ್ರಿ.ಶ. 450ರ ಸುಮಾರು ಎನ್ನುವುದಕ್ಕೆ ಮುಖ್ಯ ಆಧಾರ ಅಕ್ಷರಗಳ ರೂಪ ಮತ್ತು ಭಾಷೆ. ಅಕ್ಷರದ ತಲೆಕಟ್ಟು, ಬಾಗು, ಕಾಲು ನೋಡಿ ಕಾಲ ಹೇಳುವುದು ಕೂಡ ಚಿತ್ರ ನೋಡುವ ಕಲೆಯೇ. ಆದ್ದರಿಂದಲೇ ಅಲ್ಲಿ ವಿದ್ವಾಂಸರಲ್ಲಿ ಚರ್ಚೆ ಮುಗಿದಿಲ್ಲ, ಬಾದಾಮಿಯಲ್ಲಿ ಮುಗಿದಿದೆ.

ಐಹೊಳೆಯ ಮೇಗುಟಿ ಗುಡಿಯ ಶಾಸನ ಇನ್ನೊಂದು ಒಳ್ಳೆಯ ಲೆಕ್ಕ. ಇಮ್ಮಡಿ ಪುಲಕೇಶಿಯ ಕಾಲದ ಕವಿ ರವಿಕೀರ್ತಿ ಅದರಲ್ಲಿ ಭಾರತ ಯುದ್ಧದಿಂದ 3735 ವರ್ಷ ಎಂದೂ ಶಕ 556 ಎಂದೂ ಎರಡು ಲೆಕ್ಕ ಕೊಟ್ಟಿದ್ದಾನೆ. ಶಕದಿಂದ ಹೊರಟರೆ 556ಕ್ಕೆ 78 ಸೇರಿ 634. ಭಾರತ ಯುದ್ಧದ ಲೆಕ್ಕವೆಂದರೆ ಇಲ್ಲಿ ಕಲಿಯುಗದ ಲೆಕ್ಕವೇ; ಕಲಿಯುಗದ ಆರಂಭ ಕ್ರಿ.ಪೂ. 3102, 3735ರಿಂದ 3102 ಕಳೆದರೆ 633. ಒಂದು ವರ್ಷ ಎಲ್ಲಿ ಹೋಯಿತು? ಇತಿಹಾಸದವರ ಕ್ಯಾಲೆಂಡರಿನಲ್ಲಿ ಕ್ರಿ.ಪೂ. 1 ಆದ ಮೇಲೆ ನೇರವಾಗಿ ಕ್ರಿ.ಶ. 1, ನಡುವೆ ಸೊನ್ನೆ ವರ್ಷವಿಲ್ಲ. ಖಗೋಳದವರಿಗೆ ಸೊನ್ನೆ ಬೇಕೇ ಬೇಕು; ಅವರು ಕ್ರಿ.ಪೂ. 3102ನ್ನು ಮೈನಸ್ 3101 ಎಂದು ಬರೆಯುತ್ತಾರೆ. ಹಾಗೆ ಬರೆದರೆ 634 ಸರಿಯಾಗಿ ಬರುತ್ತದೆ. ಸೊನ್ನೆಯನ್ನು ಲೋಕಕ್ಕೆ ಕೊಟ್ಟವರು ನಾವು ಎಂದು ಭಾಷಣ ಮಾಡುವ ನಾಡಿನಲ್ಲಿ ಎರಡು ವಿಭಾಗಗಳು ಒಂದು ಸೊನ್ನೆಗಾಗಿ ಜಗಳವಾಡುವುದನ್ನು ವಿದ್ಯಾರ್ಥಿಗಳು ಒಮ್ಮೆಯಾದರೂ ನೋಡಬೇಕು.

ನಮ್ಮ ಶಾಸನಗಳಲ್ಲಿ ದಾನಗಳಿಗೆ ಗ್ರಹಣ, ಸಂಕ್ರಮಣ, ವ್ಯತೀಪಾತ ಎಂದು ಪುಣ್ಯಕಾಲ ಹೇಳುವುದು ವಾಡಿಕೆ. ಬಿ.ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ತಾಲ್ಲೂಕುವಾರು ಶಾಸನಗಳಿವೆ. ಪ್ರತಿ ವಿದ್ಯಾರ್ಥಿಯೂ ತನ್ನ ತಾಲ್ಲೂಕಿನ ಒಂದು ಗ್ರಹಣ ಶಾಸನ ಹುಡುಕಿ, ಆ ದಿನ ಗ್ರಹಣ ಆಗಿತ್ತೇ, ಆ ಊರಿಗೆ ಕಾಣುತ್ತಿತ್ತೇ, ಶಾಸನ ಹೇಳುವ ವಾರ ಕೂಡಿಬರುತ್ತದೆಯೇ ಎಂದು ನೋಡಲಿ. ಹಿಂದೆ ಇದಕ್ಕೆ ರಾಬರ್ಟ್ ಸಿವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು 1896ರಲ್ಲಿ ತಯಾರಿಸಿದ ಕೋಷ್ಟಕಗಳನ್ನು ತಿರುವಿ ತಿರುವಿ ಕಣ್ಣು ಕೆಡಿಸಿಕೊಳ್ಳಬೇಕಿತ್ತು. ವಿಜಯನಗರದ ಚರಿತ್ರೆ ಬರೆದ ಅದೇ ಸಿವೆಲ್. ಈಗ ಹತ್ತು ನಿಮಿಷದ ಕೆಲಸ. ಕೂಡಿಬಂದರೆ ಸಂತೋಷ. ಬಾರದಿದ್ದರೆ ಇನ್ನೂ ಸಂತೋಷ, ಏಕೆಂದರೆ ಪಾಠ ಅಲ್ಲಿ ಶುರುವಾಗುತ್ತದೆ. ಗ್ರಹಣವನ್ನು ಕಣ್ಣಲ್ಲಿ ನೋಡದೆ ಪಂಚಾಂಗದಿಂದ ತೆಗೆದುಕೊಂಡಿರಬಹುದು. ದಾನ ಕೊಟ್ಟ ಎಷ್ಟೋ ಕಾಲದ ಮೇಲೆ ಕಲ್ಲು ಕೆತ್ತಿರಬಹುದು. ಅಥವಾ ಶಾಸನವೇ ಕೂಟ ಶಾಸನವಾಗಿರಬಹುದು. ಗಂಗರ ತಾಮ್ರಪಟಗಳಲ್ಲಿ ಹಲವು ಖೋಟಾ ಎಂದು ಶಾಸನತಜ್ಞ ಫ್ಲೀಟ್ ಹಟ ಹಿಡಿದದ್ದು, ರೈಸ್ ಅದಕ್ಕೆ ಎದುರಾಡಿದ್ದು ನಮ್ಮ ಇತಿಹಾಸ ಬರವಣಿಗೆಯ ರಸವತ್ತಾದ ಅಧ್ಯಾಯ.

ಪುರಾತತ್ತ್ವದ ಭಾಗಕ್ಕೆ ನಾನು ಬ್ರಹ್ಮಗಿರಿಯನ್ನು ಇಡುತ್ತೇನೆ. ಮೊಳಕಾಲ್ಮೂರು ತಾಲ್ಲೂಕಿನ ಆ ಬೆಟ್ಟದ ಬುಡದಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ ರೇಡಿಯೋ ಕಾರ್ಬನ್ ಇನ್ನೂ ಬಂದಿರಲಿಲ್ಲ. ಕೆಳಗೆ ನಯಗೊಳಿಸಿದ ಕಲ್ಲುಕೊಡಲಿಯ ಜನ, ಅದರ ಮೇಲೆ ಬೃಹತ್ ಶಿಲಾ ಸಮಾಧಿಗಳ ಜನ, ಅದರ ಮೇಲೆ ಶಾತವಾಹನ ಕಾಲದ ಪದರ. ಇವುಗಳಿಗೆ ಕಾಲ ಹೇಳುವುದು ಹೇಗೆ? ಮೇಲಿನ ಪದರದಲ್ಲಿ ಒಳಮೈಗೆ ಚಕ್ರದ ಚುಕ್ಕಿಗೆರೆಗಳಿರುವ ಒಂದು ಬಗೆಯ ಮಡಕೆ ಸಿಕ್ಕಿತು. ಅಂಥದ್ದೇ ಮಡಕೆಯನ್ನು ವೀಲರ್ 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಇಟಲಿಯ ಪಾತ್ರೆಗಳ ಜೊತೆ ಕಂಡಿದ್ದ. ಇಟಲಿಯ ಪಾತ್ರೆಗಳ ಕಾಲ ರೋಮಿನಿಂದ ಗೊತ್ತಿತ್ತು. ಹೀಗೆ ರೋಮಿನ ಗಡಿಯಾರ ಅರಿಕಮೇಡು ದಾಟಿ ಚಿತ್ರದುರ್ಗಕ್ಕೆ ಬಂತು. ಈ ಸರಪಳಿಯಲ್ಲಿ ಪ್ರತಿ ಕೊಂಡಿಯೂ ಒಂದು ಮಡಕೆ ಚೂರನ್ನು ಇನ್ನೊಂದರೊಡನೆ ಹೋಲಿಸಿದ ಕಣ್ಣಿನ ಕೆಲಸ.

ಹಾಗೆಂದು ಪದವಿ ವಿದ್ಯಾರ್ಥಿಗಳು ಎಲ್ಲೂ ಅಗೆಯಬಾರದು. ಉತ್ಖನನಕ್ಕೆ ಸರ್ಕಾರದ ಅನುಮತಿ ಬೇಕು; ಆಸೆಬುರುಕ ಗುದ್ದಲಿ ಮಾಡಿದ ಹಾನಿಯನ್ನು ಮತ್ತೆ ಸರಿಪಡಿಸಲು ಬರುವುದಿಲ್ಲ. ಆದರೆ ಊರಿನ ಕುಂಬಾರರ ಮನೆಯಿಂದ ಒಡೆದ ಮಡಕೆಯ ಬಾಯಂಚಿನ ಚೂರು ತಂದು ಬರೆಯಬಹುದಲ್ಲ. ಹಾಳೆಯ ಮೇಲೆ ಒಂದರೊಳಗೊಂದು ವೃತ್ತಗಳನ್ನು ಎಳೆದು, ಚೂರಿನ ಬಾಗು ಯಾವ ವೃತ್ತಕ್ಕೆ ಸರಿಯಾಗಿ ಕೂರುತ್ತದೆ ನೋಡಿದರೆ ಇಡೀ ಮಡಕೆಯ ಬಾಯಿಯ ಅಗಲ ಸಿಗುತ್ತದೆ. ಆಮೇಲೆ ನಡುಗೆರೆ ಎಳೆದು ಒಂದು ಬದಿಯಲ್ಲಿ ಹೊರಮೈ, ಇನ್ನೊಂದು ಬದಿಯಲ್ಲಿ ಮಡಕೆಯನ್ನು ಸೀಳಿದರೆ ಕಾಣುವ ದಪ್ಪ. ಅಂಗೈಯಗಲದ ಚೂರಿನಿಂದ ಇಡೀ ಮಡಕೆ ಹಾಳೆಯ ಮೇಲೆ ಎದ್ದು ನಿಲ್ಲುತ್ತದೆ. ಬೃಹತ್ ಶಿಲಾ ಸಮಾಧಿಗಳ ಮಡಕೆ ಒಳಗೆ ಕಪ್ಪು, ಹೊರಗೆ ಕೆಂಪು ಏಕಿರುತ್ತದೆ ಎಂಬ ಪ್ರಶ್ನೆಯನ್ನು ರಸಾಯನಶಾಸ್ತ್ರದ ಮೇಷ್ಟರಿಗೆ ಬಿಟ್ಟುಕೊಡಿ. ಬೋರಲು ಹಾಕಿ ಸುಟ್ಟಾಗ ಒಳಗೆ ಗಾಳಿ ಸಿಗದೆ ಏನಾಗುತ್ತದೆ ಎಂದು ಅವರು ಸಂತೋಷದಿಂದ ವಿವರಿಸುತ್ತಾರೆ.

ಖಗೋಳಕ್ಕೂ ದುಬಾರಿ ಸಲಕರಣೆ ಬೇಡ. ಮೈದಾನದಲ್ಲಿ ನೆಟ್ಟಗೆ ಒಂದು ಗೂಟ ನೆಡಿ, ಗಾರೆಯವರ ತೂಗುಗುಂಡಿನಿಂದ ನೇರ ನೋಡಿ. ಗೂಟದ ಸುತ್ತ ಹಗ್ಗದಲ್ಲಿ ಒಂದು ವೃತ್ತ ಎಳೆಯಿರಿ. ಬೆಳಿಗ್ಗೆ ಉದ್ದವಿದ್ದ ನೆರಳು ಕುಗ್ಗುತ್ತ ವೃತ್ತದೊಳಗೆ ಬರುವ ಜಾಗಕ್ಕೆ ಒಂದು ಗುರುತು. ಮಧ್ಯಾಹ್ನದ ಮೇಲೆ ಬೆಳೆಯುತ್ತ ಹೊರಗೆ ಹೋಗುವ ಜಾಗಕ್ಕೆ ಇನ್ನೊಂದು. ಎರಡನ್ನೂ ಸೇರಿಸಿದ ಗೆರೆಯೇ ಪೂರ್ವ-ಪಶ್ಚಿಮ. ಶುಲ್ಬಸೂತ್ರಗಳ ಕಾಲದಲ್ಲಿ ಯಜ್ಞವೇದಿ ಕಟ್ಟುವವರೂ ಆಮೇಲೆ ಗುಡಿ ಕಟ್ಟುವವರೂ ದಿಕ್ಕು ಕಂಡುಕೊಂಡದ್ದು ಶಂಕು ಎಂಬ ಇಂಥ ಗೂಟದಿಂದ. ಮೊಬೈಲಿನ ದಿಕ್ಸೂಚಿಗೂ ಇದಕ್ಕೂ ಒಂದೆರಡು ಡಿಗ್ರಿ ವ್ಯತ್ಯಾಸ ಬಂದರೆ ಗಾಬರಿ ಬೇಡ. ಅಯಸ್ಕಾಂತದ ಉತ್ತರ ಬೇರೆ, ಭೂಮಿಯ ಉತ್ತರ ಬೇರೆ. ಇದೇ ಗೂಟದ ನೆರಳು ವರ್ಷಕ್ಕೆ ಎರಡು ಮಧ್ಯಾಹ್ನ ಪೂರ್ತಿ ಮಾಯವಾಗುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರು ಮತ್ತು ಆಗಸ್ಟ್ 18ರ ಸುಮಾರು.

ಈ ಗೂಟ ಹಿಡಿದು ಮಲೆನಾಡಿಗೆ ಹೋಗಬಹುದು. ಹೊಸನಗರ ಸೀಮೆಯ ನಿಲಸ್ಕಲ್, ಬೈಸೆ ಊರುಗಳಲ್ಲಿ ಆಳೆತ್ತರ ಮೀರಿದ ನಿಲುಗಲ್ಲುಗಳ ಗುಂಪುಗಳಿವೆ. ವಾಸ್ತುಶಿಲ್ಪ ಓದಿದ ಶ್ರೀಕುಮಾರ್ ಮೆನನ್ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಖಭೌತ ವಿಜ್ಞಾನಿ ಮಯಾಂಕ್ ವಾಹಿಯಾ ಅವನ್ನು ಅಳೆದು, ಕೆಲವು ಜೋಡಿ ಕಲ್ಲುಗಳು ಅಯನ ದಿನಗಳ ಸೂರ್ಯೋದಯ, ಸೂರ್ಯಾಸ್ತದ ದಿಕ್ಕಿಗೆ ಹೊಂದುತ್ತವೆ ಎಂದು ತೋರಿಸಿದರು. ಒಬ್ಬ ಕಟ್ಟಡದವನು, ಒಬ್ಬ ಆಕಾಶದವನು. ಇಬ್ಬರೂ ಸೇರದಿದ್ದರೆ ಆ ಕೆಲಸ ಆಗುತ್ತಿರಲಿಲ್ಲ. ಆದರೂ ನಮ್ಮ ವಿದ್ಯಾರ್ಥಿ ಅಲ್ಲಿಯೂ ಸುಮ್ಮನೆ ತಲೆಯಾಡಿಸಬಾರದು. ಹತ್ತು ಕಲ್ಲುಗಳಿದ್ದರೆ 45 ಜೋಡಿಗಳಾಗುತ್ತವೆ. ಅಷ್ಟರಲ್ಲಿ ಒಂದೆರಡು ಸುಮ್ಮಸುಮ್ಮನೆ ಸೂರ್ಯನ ಕಡೆ ತಿರುಗಿರುವುದು ಸಾಧ್ಯ. ಅಂಥದ್ದೇ ಇನ್ನೊಂದು ಗುಂಪಿನಲ್ಲಿ, ಮತ್ತೊಂದರಲ್ಲಿ ಅದೇ ದಿಕ್ಕು ಮರುಕಳಿಸಿದರೆ ಮಾತ್ರ ಮಾತಿಗೆ ತೂಕ ಬರುತ್ತದೆ. ಒಂದೇ ಊರಿಗೆ ನಿಲ್ಲದೆ ಹಲವು ಊರು ಸುತ್ತಬೇಕಾದದ್ದು ಈ ಕಾರಣಕ್ಕೆ.

ಇನ್ನು ಲೌಕಿಕ. ಇದನ್ನು ಪಾಠ ಮಾಡುವವರು ಯಾರು? ಕಾಲೇಜುಗಳಲ್ಲಿ ಹೊಸ ಪತ್ರಿಕೆ ಬಂದ ಕೂಡಲೇ ಮೊದಲು ಏಳುವ ಪ್ರಶ್ನೆ ಜ್ಞಾನದ್ದಲ್ಲ, ಕಾರ್ಯಭಾರದ್ದು. ನಾನು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ಇತಿಹಾಸದವರೂ ಭೌತಶಾಸ್ತ್ರದವರೂ ಒಂದು ಓಪನ್ ಎಲೆಕ್ಟಿವ್‌ನ ಗಂಟೆಗಳಿಗಾಗಿ ಎಳೆದಾಡಿ, ಕೊನೆಗೆ ಅದು ಇಬ್ಬರಿಗೂ ಸೇರದೆ ಅತಿಥಿ ಉಪನ್ಯಾಸಕರೊಬ್ಬರ ಹೆಗಲಿಗೆ ಬಿತ್ತು. ಪಾಪ, ಅವರು ಬಸ್ಸಿನಲ್ಲಿ ಪಠ್ಯ ಓದಿಕೊಂಡು ಬರುತ್ತಿದ್ದರು. 2021ರಲ್ಲಿ ನಮ್ಮ ರಾಜ್ಯಕ್ಕೆ ನಾಲ್ಕು ವರ್ಷದ ಆನರ್ಸ್ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ನೀತಿ ಬದಲಾದಾಗಲೆಲ್ಲ ಪಠ್ಯಕ್ರಮ ಸಮಿತಿ ಕೂರುತ್ತದೆ. ಸಮಿತಿ ಕೂತಾಗಲೆಲ್ಲ ವಿಭಾಗಗಳ ನಡುವಿನ ಗೋಡೆ ಒಂದು ಇಟ್ಟಿಗೆ ಏರುತ್ತದೆ. ಗಂಟೆಗಳನ್ನು ಎರಡು ವಿಭಾಗಗಳೂ ಸಮನಾಗಿ ಹಂಚಿಕೊಳ್ಳಲಿ, ಚಿತ್ರಕ್ಕೆ ಊರಿನ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟರನ್ನು ಕರೆಯಲಿ. ಅವರನ್ನು ಪದವಿ ಕಾಲೇಜಿಗೆ ಯಾರೂ ಕರೆದಿರುವುದಿಲ್ಲ. ಬಂದರೆ ಎಲ್ಲರಿಗಿಂತ ಶ್ರದ್ಧೆಯಿಂದ ಕಲಿಸುತ್ತಾರೆ.

ಬರೋಡಾದಲ್ಲಿ ಇಂಥದ್ದು ಒಂದು ಮಟ್ಟಿಗೆ ಆಗಿತ್ತು. 1950ರಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಲಲಿತಕಲೆಗಳ ನಿಕಾಯವನ್ನೂ ಪುರಾತತ್ತ್ವ ವಿಭಾಗವನ್ನೂ ಒಂದೇ ಹೊತ್ತಿಗೆ ಕಟ್ಟಿತು. ಪುರಾತತ್ತ್ವ ವಿಭಾಗವನ್ನು ಬೆಳೆಸಿದ ಬಿ. ಸುಬ್ಬರಾವ್ ಅದಕ್ಕೆ ಮೊದಲು ನಮ್ಮ ಬಳ್ಳಾರಿಯ ಸಂಗನಕಲ್ಲಿನಲ್ಲಿ ಕೆಲಸ ಮಾಡಿದವರು. ಆ ಸಂಗನಕಲ್ಲಿನ ಪಕ್ಕದ ಕುಪ್ಗಲ್ಲಿನ ಗುಡ್ಡದಲ್ಲಿ ಸಾವಿರಾರು ವರ್ಷಗಳ ಹಿಂದಿನ ದನಗಳ ಚಿತ್ರಗಳಿವೆ, ಬಡಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳಿವೆ, ಆಸುಪಾಸಿನಲ್ಲಿ ಜಲ್ಲಿಕಲ್ಲಿನ ಕ್ವಾರಿಗಳೂ ಇವೆ. ಅಲ್ಲಿಗೆ ಹೋಗುವವರು ಬೇಗ ಹೋಗಬೇಕು.

ತಂದೆತಾಯಿಗಳು ಕೇಳುವ ಪ್ರಶ್ನೆ ನನಗೆ ಗೊತ್ತು: ಇದರಿಂದ ಕೆಲಸ ಸಿಗುತ್ತದೆಯೇ? ಒಂದು ಪತ್ರಿಕೆಯಿಂದ ಯಾರಿಗೂ ಕೆಲಸ ಸಿಗುವುದಿಲ್ಲ. ಸಿಗುತ್ತದೆ ಎಂದು ಹೇಳಿ ನಾನು ದತ್ತಿಯವರಿಗೆ ಕೆಟ್ಟ ಹೆಸರು ತರಲಾರೆ.

ಕೊನೆಯದಾಗಿ ಈ ಪತ್ರಿಕೆಯ ಪ್ರಾಜೆಕ್ಟ್. ಶೃಂಗೇರಿಯ ವಿದ್ಯಾಶಂಕರ ದೇವಾಲಯದಲ್ಲಿ ಹನ್ನೆರಡು ರಾಶಿಗಳನ್ನು ಕೆತ್ತಿದ ಹನ್ನೆರಡು ಕಂಬಗಳಿವೆ. ಸೂರ್ಯ ಯಾವ ರಾಶಿಯಲ್ಲಿರುತ್ತಾನೋ ಆ ಕಂಬಕ್ಕೆ ಬಿಸಿಲು ಬೀಳುತ್ತದೆ ಎಂಬ ಮಾತು ಪ್ರವಾಸಿ ಪುಸ್ತಕಗಳಲ್ಲೆಲ್ಲ ಇದೆ. ಹಾಗೆ ಬರೆದವರಲ್ಲಿ ಎಷ್ಟು ಜನ ಹನ್ನೆರಡು ತಿಂಗಳೂ ಅಲ್ಲಿ ಕುಳಿತು ನೋಡಿದ್ದಾರೆ? ಪದವಿಗೆ ಮೂರು ವರ್ಷವಿದೆ. ಮಠದವರ ಅನುಮತಿ ಪಡೆದು, ತಿಂಗಳಿಗೆ ಇಬ್ಬರಂತೆ ಹೋಗಿ, ಬೆಳಿಗ್ಗೆ ಯಾವ ಕಂಬಕ್ಕೆ ಎಷ್ಟು ಹೊತ್ತಿಗೆ ಬಿಸಿಲು ಬಿತ್ತೆಂದು ಬರೆದುಕೊಳ್ಳಲಿ, ಕಂಬವನ್ನೂ ಚಿತ್ರಿಸಲಿ, ಬಾಗಿಲು, ಮೆಟ್ಟಿಲು, ಹೊಸ ಗ್ರಿಲ್ಲು ಯಾವುದಾದರೂ ಅಡ್ಡ ಬಂದಿದೆಯೇ ಗುರುತಿಸಲಿ. ಮಳೆಗಾಲದ ತಿಂಗಳುಗಳು ಖಾಲಿ ಉಳಿಯುತ್ತವೆ. ಶೃಂಗೇರಿಯ ಆಷಾಢದಲ್ಲಿ ಸೂರ್ಯನನ್ನು ಕೇಳಬೇಡಿ. ಆ ಖಾಲಿ ಮನೆಗಳನ್ನು ಮುಂದಿನ ವರ್ಷದ ತಂಡ ತುಂಬಲಿ. ಬಂದ ಫಲಿತಾಂಶ ಪುಸ್ತಕದ ಮಾತಿಗೆ ಒಪ್ಪಿದರೂ ಅಂಕ, ಒಪ್ಪದಿದ್ದರೂ ಅಷ್ಟೇ ಅಂಕ. ನೋಡದೆ ಬರೆದರೆ ಸೊನ್ನೆ.

ಮೈದಾನದ ಗೂಟಕ್ಕೆ ಒಳ್ಳೆಯ ಕಾಲವೆಂದರೆ ಡಿಸೆಂಬರ್ 21ರ ಎರಡು ಬದಿಯ ದಿನಗಳು. ಆಗ ಸೂರ್ಯ ಬೆಳಿಗ್ಗೆಯಿಂದ ಸಂಜೆಯೊಳಗೆ ಉತ್ತರಕ್ಕಾಗಲಿ ದಕ್ಷಿಣಕ್ಕಾಗಲಿ ಹೆಚ್ಚು ಸರಿಯುವುದಿಲ್ಲ, ಗೆರೆ ನಿಖರವಾಗಿ ಬರುತ್ತದೆ, ಮೋಡವೂ ಕಡಿಮೆ. ಆದ್ದರಿಂದ ಪ್ರಾಂಶುಪಾಲರಲ್ಲಿ ಒಂದೇ ಕೋರಿಕೆ: ಆ ವಾರ ದಯವಿಟ್ಟು ಇಂಟರ್ನಲ್ ಪರೀಕ್ಷೆ ಇಡಬೇಡಿ.